ಅಕ್ಕಿ ಸಿಡಿಯುವಾಗ ಮಾತಾಡಿದ ಲಾಲ್ ಸಾಬ್

ಲಾಲ್ ಸಾಬರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆದರೂ ಚರಿತ್ರೆ ವಿಭಾಗದ ಮೇಜಿನ ಮೇಲೆ ಕೂತು ಆರಾಮಾಗಿ ಮಾತಾಡುತ್ತಿದ್ದರು.

"ಜಾಗ ಕೊಟ್ಟೆ ಅಂತ ನಾನೇನು ನವಾಬ ಅಲ್ರೀ." ಟೇಪ್ ರೆಕಾರ್ಡರಿನೊಳಗಿನ ದನಿಯಲ್ಲಿ ಹೊಗೆ ತುಂಬಿತ್ತು. ಹಿಂದೆ ಚಟಪಟ ಅಂತ ಮಂಡಕ್ಕಿ ಸಿಡಿಯುತ್ತಿತ್ತು. "ಹುಡುಗ್ರು ಓದ್ಲಿ ಅಂತ ಕೊಟ್ಟೆ."

ಅಲ್ಲಿಗೆ ಮಾತು ನಿಂತಿತು. ಲಾಲ್ ಸಾಬರನ್ನು ಬಲ್ಲವರಿಗೆಲ್ಲ ಆ ಮೌನವೂ ಗೊತ್ತು. ಕೂತವರು ಕಾದರು.

"ಹ್ಞಾ, ಎಲ್ಲಿದ್ದೆ?" ಅಂದಿತು ದನಿ. ಒಂದು ಗುಟುಕು ಉಗುಳು ನುಂಗಿದ ಸಣ್ಣ ಸದ್ದು. "ಕೊಟ್ಟ ಮ್ಯಾಲೆ ಅದು ನಿಮ್ದು. ಹೆಂಗಾರ ಬಳಸ್ರಿ."

ಕುಲಸಚಿವರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಕಣ್ಣಲ್ಲಿ ನೀರಿರಲಿಲ್ಲ. ಕರವಸ್ತ್ರಕ್ಕೆ ಅದು ಅಭ್ಯಾಸವಾಗಿತ್ತು.

ನಿಜವಾಗಿ ಅಳುತ್ತಿದ್ದವರು ಒಬ್ಬರೇ, ಲಾಲ್ ಸಾಬರ ಹೆಂಡತಿ ಹಜೀರಾಬೀ. ಸೆರಗು ಬಾಯಿಗೊತ್ತಿಕೊಂಡು, ಆ ಪುಟ್ಟ ಪೆಟ್ಟಿಗೆಯನ್ನು ತೊಟ್ಟಿಲು ನೋಡುವ ಹಾಗೆ ನೋಡುತ್ತಿದ್ದರು.

ಬಾಗಿಲ ಹತ್ತಿರ ನಿಂತಿದ್ದ ಪತ್ತೇದಾರ ಸಿಕಂದರ ಮಾತ್ರ ಪೆಟ್ಟಿಗೆಯ ಕಡೆ ಕಿವಿ ತಿರುಗಿಸಿದ. ಅಲ್ಲೇನೋ ತಪ್ಪಿತ್ತು. ಏನೆಂದು ತಕ್ಷಣ ಹೊಳೆಯಲಿಲ್ಲ. ಚಪ್ಪಲಿ ಎಡಬಲ ಅದಲು ಬದಲಾದಾಗ ಕಾಲಿಗೆ ಮೊದಲು ಗೊತ್ತಾಗುವಂತೆ, ತಲೆಗಿಂತ ಮೊದಲು ಕಿವಿಗೆ ಗೊತ್ತಾಗಿತ್ತು.

ಹೋದ ತಿಂಗಳು ವಿಭಾಗದ ಬೀರುವಿನಿಂದ ಕಾಣೆಯಾಗಿದ್ದ ಕ್ಯಾಸೆಟ್ ಅದು. ಹಜೀರಾಬೀ ಪೊಲೀಸರಿಗೆ ದೂರು ಕೊಟ್ಟಿದ್ದರು, ಸಿಕಂದರನಿಗೆ ಕೆಲಸ ಕೊಟ್ಟಿದ್ದರು. ಮೊನ್ನೆ ಅದೇ ಬೀರುವಿನಲ್ಲಿ, ಪುಸ್ತಕಗಳ ಹಿಂದೆ, ಗಂಡನ ಮೇಲೆ ಮುನಿಸಿಕೊಂಡು ಹಿತ್ತಲಲ್ಲಿ ಕೂತ ಹೆಂಡತಿಯ ಹಾಗೆ ಸಿಕ್ಕಿಬಿಟ್ಟಿತ್ತು. ಸಿಕ್ಕಿದ್ದು ಚರಿತ್ರೆಯ ಮುಖ್ಯಸ್ಥ ಪ್ರೊಫೆಸರ್ ಗುಡ್ಡಪ್ಪನವರಿಗೆ.

ಕುಲಸಚಿವರು ಗಂಟಲು ಸರಿಮಾಡಿಕೊಂಡು ಎರಡು ವಿಷಯ ತಿಳಿಸಿದರು. ಒಂದು, ಶುಕ್ರವಾರ ವಿಶ್ವವಿದ್ಯಾಲಯದ ದಶಮಾನೋತ್ಸವ. ವೇದಿಕೆಯ ಮೇಲೆ ಈ ಕ್ಯಾಸೆಟ್ ಹಾಕುತ್ತಾರೆ. ಇದು ತಮ್ಮ ಯಜಮಾನರದೇ ದನಿ ಎಂದು ಹಜೀರಾಬೀ ಎಲ್ಲರೆದುರು ಹೇಳಿದರೆ, ಅವರು ವಿಶ್ವವಿದ್ಯಾಲಯಕ್ಕೆ ಕೊಟ್ಟ ಹಳೆಯ ಅಂಗಳ ಮಾರುವ ಕಾಗದಕ್ಕೆ ಅಂದೇ ಸಹಿ. ಎರಡು, ಇದು ಸುಳ್ಳು ಅಂತ ಯಾರಾದರೂ ಅಂದರೆ, ಸುಳ್ಳು ದನಿ ಮಾಡಿದವನನ್ನು ಹುಡುಕಿ ಜೈಲಿಗೆ ಹಾಕಿಸುವ ತನಕ ತಾವು ಊಟ ಮಾಡುವುದಿಲ್ಲ. ಅವರ ಹೊಟ್ಟೆ ನೋಡಿದರೆ ಆ ಪ್ರತಿಜ್ಞೆ ಗಂಭೀರವಾದದ್ದೇ.

ಹೇಳಿ ಮುಗಿಸಿ ಸಿಕಂದರನ ಕಡೆ ನಕ್ಕರು. "ಲಾಲ್ ಸಾಬರ ದನಿ ತೆಗೆಯೋದ್ರಲ್ಲಿ ಇಡೀ ದಾವಣಗೆರೆಗೆ ನೀವೇ ಹೆಸರುವಾಸಿಯಂತಲ್ರೀ."

ಸಿಕಂದರನೂ ನಕ್ಕ.

ಅವನು ಕಾದದ್ದು ಹಜೀರಾಬೀ ಬಾಯಿ ಬಿಡಲಿ ಅಂತ. ಈ ಕ್ಯಾಸೆಟ್ಟಿಗಾಗಿ ಅವರು ತಿಂಗಳಿಡೀ ಕಚೇರಿಯಿಂದ ಕಚೇರಿಗೆ ಅಲೆದದ್ದು ಒಂದೇ ಒಂದು ಮಾತಿಗೆ. ಐದು ವರ್ಷದ ಹಿಂದೆ ಗುಡ್ಡಪ್ಪನವರು ರೆಕಾರ್ಡ್ ಮಾಡಿದ ದಿನ ಹಜೀರಾಬೀ ಅಲ್ಲೇ, ಮಂಡಕ್ಕಿ ಹುರಿಯುವ ಭಟ್ಟಿಯ ಪಕ್ಕ, ಜರಡಿ ಹಿಡಿದು ಕೂತಿದ್ದರು. "ಓದು ಇರೋ ತನಕ ಅಂಗಳ ನಿಮ್ದು. ಓದು ಎದ್ದು ಹೋದ ದಿನ ಭಟ್ಟಿ ಹಚ್ಕೊಳ್ಳಾಕ ನಮ್ಮೋರಿಗೆ ಬಿಡ್ರಿ" ಅಂತ ಲಾಲ್ ಸಾಬ್ ಹೇಳಿದ್ದನ್ನು ಕಿವಿಯಾರೆ ಕೇಳಿದ್ದರು. ಈ ಕ್ಯಾಸೆಟ್ಟಿನಲ್ಲಿ ಆ ಮಾತೇ ಇಲ್ಲ.

ಎಲ್ಲಿ ಹೋಯಿತು ಅಂತ ಅವರು ಕೇಳಲಿಲ್ಲ.

"ಇನ್ನೊಂದ್ಸಲ ಹಾಕ್ರಿ" ಅಂದರು, ಅಷ್ಟೇ.

ಹಾಕಿದರು. ಮುಗಿಯಿತು. ಮತ್ತೆ ಹಾಕಿ ಅಂದರು. ಆಮೇಲೆ ಎದ್ದು, ಆನಗೋಡಿನಲ್ಲಿ ತಂಗಿಗೆ ಹುಷಾರಿಲ್ಲ, ನೋಡಿಕೊಂಡು ಸಂಜೆಗೆ ಬರುತ್ತೇನೆ ಅಂತ ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಆ ಮೂರನೆಯ ಸಲಕ್ಕೆ ಸಿಕಂದರನ ತಲೆಗೂ ತಪ್ಪು ಹೊಳೆದಿತ್ತು.

*

ಈ ವಿಶ್ವವಿದ್ಯಾಲಯದ ಚರಿತ್ರೆಯನ್ನು ಗುಡ್ಡಪ್ಪನವರು ಬರೆಯುತ್ತಿದ್ದರು. ಅದರ ಮೊದಲ ವಾಕ್ಯ ಸಿಕಂದರನಿಗೆ ಬಾಯಿಪಾಠ: "ನಗರದ ಹೃದಯಭಾಗದಲ್ಲಿ, ಜನಸಾಮಾನ್ಯರ ಔದಾರ್ಯದಿಂದ ತಲೆಯೆತ್ತಿದ ಈ ಜ್ಞಾನದೇಗುಲವು..." ಮೂಗಿನಲ್ಲಿ ಒಂದಿಷ್ಟು, ಗಂಟಲಲ್ಲಿ ಒಂದಿಷ್ಟು ದನಿ ತೆಗೆದು ಅವನು ಇದನ್ನು ಹೇಳಿದರೆ, ಪಕ್ಕದ ಕೋಣೆಯವರು ಗುಡ್ಡಪ್ಪನವರೇ ಬಂದರೆಂದು ಬೀಡಿ ಆರಿಸುತ್ತಿದ್ದರು.

ಔದಾರ್ಯ ಅಂದರೆ ಏನು ಅಂತ ಪುಸ್ತಕ ಬಿಡಿಸಿ ಹೇಳುತ್ತಿರಲಿಲ್ಲ. ಔದಾರ್ಯ ಅಂದರೆ ತಗಡಿನ ಶೀಟು. ಎಪ್ಪತ್ನಾಲ್ಕರಲ್ಲಿ ಸರ್ಕಾರ ಊರಿಗೆ ವಿಶ್ವವಿದ್ಯಾಲಯ ಕೊಟ್ಟಿತು, ಕಟ್ಟಡ ಕೊಡುವುದನ್ನು ಮರೆಯಿತು. ರಸಾಯನಶಾಸ್ತ್ರ ಹತ್ತಿ ಗೋಡೌನು ಸೇರಿತು. ಗಣಿತಕ್ಕೆ ಒಂದು ಮುಚ್ಚಿದ ಟಾಕೀಸಿನ ಬಾಲ್ಕನಿ ಸಿಕ್ಕಿತು. ಕನ್ನಡ, ಚರಿತ್ರೆ, ಅರ್ಥಶಾಸ್ತ್ರ ಮೂರಕ್ಕೂ ಎಲ್ಲೂ ಜಾಗ ಹುಟ್ಟಲಿಲ್ಲ. ಆಗ ಮಂಡಕ್ಕಿ ಭಟ್ಟಿಯ ಲಾಲ್ ಸಾಬರು ತಮ್ಮ ಅಂಗಳ ತೋರಿಸಿ, ಬರ್ರಿ, ಕೂಡ್ರಿ ಅಂದರು.

ಅಂಗಳ ಕೊಟ್ಟರೇ ಹೊರತು ಭಟ್ಟಿ ಆರಿಸಲಿಲ್ಲ. ಒಂದು ಮೂಲೆಯಲ್ಲಿ ಅದು ಉರಿಯುತ್ತಲೇ ಇತ್ತು. ಅರ್ಥಶಾಸ್ತ್ರದ ಮೊದಲ ತಂಡ ಬೇಡಿಕೆ, ಪೂರೈಕೆ ಎರಡನ್ನೂ ಕೆಮ್ಮುತ್ತಲೇ ಕಲಿಯಿತು. ಹಳಗನ್ನಡ ಪಾಠದಲ್ಲಿ ಯುದ್ಧದ ಭಾಗ ಬಂದಾಗ ಮಂಡಕ್ಕಿ ಸಿಡಿದರೆ ಮೇಷ್ಟ್ರಿಗೆ ಕಷ್ಟಪಡುವ ಅಗತ್ಯವೇ ಇರಲಿಲ್ಲ.

ಅಲ್ಲಿಂದ ಶುರುವಾದದ್ದು ಹತ್ತಿಬೀಜದ ಎಣ್ಣೆಯವರೆಗೆ, ತುಂಗಭದ್ರೆಯ ನೀರಿನ ಪರೀಕ್ಷೆಯವರೆಗೆ, ಸುತ್ತಲ ಹಳ್ಳಿಗಳ ಶಾಸನಗಳವರೆಗೆ ಬೆಳೆಯಿತು. ಹೊರದೇಶದವರೂ ಬಂದು ನೋಡಿ ಹೋದರು. ಸಂಶೋಧನೆ ಅಂದರೇನು ಅಂತ ಕೇಳಿ ತಿಳಿದುಕೊಂಡ ಲಾಲ್ ಸಾಬರು, ಅಂದ್ರೆ ಜರಡಿ ಹಿಡಿಯೋದು ಅನ್ರಿ, ನಮ್ಮನ್ಯಾಗ ಹೆಂಗಸ್ರು ದಿನಾ ಮಾಡ್ತಾರೆ ಅಂದಿದ್ದರು. ವಿದ್ಯಾಲಯದಲ್ಲಿ ವಿದ್ಯೆಯೂ ಇದೆ, ಲಯವೂ ಇದೆ ಎಂದು ಸಿಕಂದರ ಆಗ ಹಾಸ್ಟೆಲ್ ಗೋಡೆಯ ಮೇಲೆ ಬರೆದಿದ್ದ. ಲಯ ಅಂದರೆ ತಾಳವೂ ಹೌದು, ನಾಶವೂ ಹೌದು ಅನ್ನುವ ಯೋಚನೆ ಆಗ ಬಂದಿರಲಿಲ್ಲ. ಈಗ ಬರುತ್ತಿತ್ತು. ಊರ ಹೊರಗೆ ಹೊಸ ಕ್ಯಾಂಪಸ್ ಏಳುತ್ತಿತ್ತು. ಅದರ ಖರ್ಚಿಗೆ ಹಳೆಯ ಅಂಗಳ ಮಾರಿ, ಅಂಗಡಿ ಸಾಲು ಎಬ್ಬಿಸುವ ನಕ್ಷೆ ತಯಾರಾಗಿತ್ತು.

ಸಿಕಂದರ ಆ ಅಂಗಳದ ಮೊದಲ ತಂಡದವನು, ಚರಿತ್ರೆಯಲ್ಲಿ ಎಂ.ಎ. ಮೇಷ್ಟ್ರ ಕೆಲಸ ಸಿಗಲಿಲ್ಲ, ಪತ್ತೇದಾರನಾದ. ಕೊಲೆಗಳು ಯಾರೂ ತರುವುದಿಲ್ಲ. ಹೆಚ್ಚಾಗಿ ಕಳೆದುಹೋದ ಸೈಕಲ್ಲುಗಳು. ಹುಟ್ಟಿದ್ದೂ ಪಕ್ಕದ ಓಣಿಯ ಭಟ್ಟಿ ಮನೆಯಲ್ಲೇ. ಎಡ ಮುಂಗೈ ಮೇಲೆ ಬಿಸಿ ಮರಳು ಬಿದ್ದ ಕಲೆ ಇನ್ನೂ ಇತ್ತು. ಭಟ್ಟಿ ಮನೆಯ ಗಂಡುಮಕ್ಕಳಿಗೆಲ್ಲ ಅದು ಇರುತ್ತದೆ.

ಭಟ್ಟಿಯಲ್ಲಿ ಹುಟ್ಟಿದವನಿಗೆ ಒಂದು ಸಂಗತಿ ಯಾರೂ ಕಲಿಸದೆ ಬರುತ್ತದೆ. ಕಾದ ಮರಳಿಗೆ ಅಕ್ಕಿ ಸುರಿದ ಮೇಲೆ ಮಾತಾಡಬಾರದು. ಸಿಡಿತ ಏರುತ್ತದೆ, ತುಂಬುತ್ತದೆ, ಇಳಿಯುತ್ತದೆ. ಇಳಿಯುವ ಹೊತ್ತನ್ನು ಕಿವಿಯಿಂದಲೇ ಹಿಡಿದು ಜರಡಿಗೆತ್ತಬೇಕು. ಒಂದುಸಿರು ಮೊದಲಾದರೆ ಅರಳದ ಗಟ್ಟಿ ಹರಳು, ಒಂದುಸಿರು ತಡವಾದರೆ ಕರಿ. ಅದಕ್ಕೇ ಭಟ್ಟಿಯವರು ಮಾತಿನ ನಡುವೆ ತಟ್ಟನೆ ನಿಂತುಬಿಡುತ್ತಾರೆ. ಜರಡಿ ಮುಗಿದ ಮೇಲೆ ಹ್ಞಾ, ಎಲ್ಲಿದ್ದೆ ಅಂತ ಮುಂದುವರಿಸುತ್ತಾರೆ. ಲಾಲ್ ಸಾಬರಿಗಂತೂ ಅದು ಮೈಗಂಟಿ, ಮದುವೆ ಮನೆಯಲ್ಲೂ ಅರ್ಧ ಮಾತಿಗೆ ನಿಲ್ಲುತ್ತಿದ್ದರು.

ಕ್ಯಾಸೆಟ್ಟಿನಲ್ಲಿ ಅದು ತಲೆಕೆಳಗಾಗಿತ್ತು. ಚಟಪಟ ಜೋರಾಗಿದ್ದಾಗ ಲಾಲ್ ಸಾಬ್ ಮಾತಾಡುತ್ತಿದ್ದರು. ಚಟಪಟ ತಣ್ಣಗಾದಾಗ ಸುಮ್ಮನಿದ್ದರು.

ಸತ್ತವರು ದೆವ್ವವಾಗಿ ಬಂದಾರು. ಆದರೆ ಲಾಲ್ ಸಾಬ್ ದೆವ್ವವಾಗಿ ಬಂದರೂ ಅಕ್ಕಿ ಸೀಯಿಸುವವರಲ್ಲ.

*

ಗುಡ್ಡಪ್ಪನವರ ಮನೆ ಹರಿಹರದಲ್ಲಿ, ಹೊಳೆಯ ಬದಿಗೆ. ಸಿಕಂದರ ಮಧ್ಯಾಹ್ನದ ಬಸ್ಸು ಹಿಡಿದ. ಹರಿಹರಕ್ಕೆ ಹೋಗುವುದೆಂದರೆ ಅವನ ಕಾಲು ಈಗಲೂ ಭಾರವಾಗುತ್ತಿತ್ತು. ಅವನು ಜೀವನದಲ್ಲಿ ಪತ್ತೆ ಮಾಡಿದ ಮೊಟ್ಟಮೊದಲ ಸೈಕಲ್ ಸಿಕ್ಕಿದ್ದು ಅಲ್ಲೇ, ಹೊಳೆ ಸೇತುವೆಯ ಕಟ್ಟೆಗೆ ಒರಗಿಕೊಂಡು.

ಸೈಕಲ್ ಹಿದಾಯತ್‌ನದು. ಲಾಲ್ ಸಾಬ್, ಹಜೀರಾಬೀ ದಂಪತಿಯ ಒಬ್ಬನೇ ಮಗ. ಸಿಕಂದರನ ಜತೆ ಓದಿದವನು, ಜತೆ ಅಣಕಿಸಿದವನು. ಕಾಲೇಜು ಗ್ಯಾದರಿಂಗಿನಲ್ಲಿ ಇಬ್ಬರೂ ಪರದೆಯ ಹಿಂದೆ ನಿಂತು ಇಡೀ ಅಧ್ಯಾಪಕ ಸಭೆ ನಡೆಸುತ್ತಿದ್ದರು. ಒಂದು ದಿನ ಅಪ್ಪನ ಜತೆ ಜಗಳ ಬಿತ್ತು. ಭಟ್ಟಿ ತನಗೆ ಬೇಕು, ಅಂಗಳ ಊರಿಗೆ ಯಾಕೆ ಅಂದ. ಲಾಲ್ ಸಾಬ್ ಕೈ ಎತ್ತಿದರು. ಮರುದಿನ ಸೇತುವೆಯ ಹತ್ತಿರ ಸೈಕಲ್ ಸಿಕ್ಕಿತು. ಹೊಳೆ ತುಂಬಿ ಹರಿಯುತ್ತಿತ್ತು. ಮನುಷ್ಯ ಸಿಗಲಿಲ್ಲ. ಅದಾಗಿ ಒಂಬತ್ತು ವರ್ಷ.

ಸೈಕಲ್ ತಳ್ಳಿಕೊಂಡು ಹರಿಹರದಿಂದ ದಾವಣಗೆರೆಯವರೆಗೆ ನಡೆದು ಬಂದವನು ಸಿಕಂದರ. ಹತ್ತಿ ತುಳಿಯಲು ಮನಸ್ಸು ಬಂದಿರಲಿಲ್ಲ. ಆಮೇಲೆ ಎಷ್ಟು ಜನರ ಎಷ್ಟು ಸೈಕಲ್ ಹುಡುಕಿಕೊಟ್ಟರೂ, ಪ್ರತಿಸಲ ಸೀಟಿನ ಮೇಲೆ ಯಾರಾದರೂ ಕೂತಿರಬಹುದೇ ಎಂದು ಒಂದು ಗಳಿಗೆ ಆಸೆಯಾಗುತ್ತಿತ್ತು.

ಗುಡ್ಡಪ್ಪನವರು ಹೊಳೆಯ ಮೆಟ್ಟಿಲ ಮೇಲೆ ಪಂಚೆ ಮಡಚಿ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಚಳಿಗಾಲದ ಹೊಳೆ ಬಂಡೆಗಳ ನಡುವೆ ಸಣ್ಣಗಾಗಿತ್ತು. ಶಿಷ್ಯನನ್ನು ನೋಡಿ ಅವರಿಗೆ ಸಂತೋಷವಾಗಲಿಲ್ಲ.

ಸಿಕಂದರ ಪಕ್ಕದಲ್ಲಿ ಕೂತ. ಸುತ್ತುಬಳಸಿ ಕೇಳುವ ಬದಲು ಗಂಟಲು ಸಡಿಲಿಸಿ, ಲಾಲ್ ಸಾಬರಾದ.

"ಗುಡ್ಡಪ್ನೋರೆ, ನನ್ನ ಬಾಯಾಗಿನ ಮಾತು ಎಲ್ಲಿ ಇಟ್ಟೀರಿ?" ಅಂದು ನಿಂತು, ಒಂದಿಷ್ಟು ಕಾದು, "ಹ್ಞಾ, ಎಲ್ಲಿದ್ದೆ?" ಅಂದ.

ಗುಡ್ಡಪ್ಪನವರ ಕೈಯಿಂದ ಎಲೆ ಅಡಿಕೆಯ ಚೀಲ ಜಾರಿ ಎರಡು ಮೆಟ್ಟಿಲು ಉರುಳಿತು.

"ಮಾಡಬ್ಯಾಡ" ಅಂದರು. "ಅದನ್ನ ಮಾಡಬ್ಯಾಡ ಮಾರಾಯ."

"ದನಿಗೆ ಚಟಪಟ ಆಮ್ಯಾಲೆ ಸೇರ್ಸಿದ್ದು ನೀವೇ ಅಲ್ರೀ ಸಾರ್?"

ಗುಡ್ಡಪ್ಪನವರು ಹುಲಿಯಾದರು. ಲಾಲ್ ಸಾಬರ ದನಿ ತೆಗೆಯುವವನು ಊರಿಗೆ ಒಬ್ಬನೇ, ಅದು ಕುಲಸಚಿವರಿಗೂ ಗೊತ್ತು. ಸುಳ್ಳು ಅಂತ ಬಾಯಿ ಬಿಟ್ಟರೆ ಪೊಲೀಸರು ಮೊದಲು ಬರುವುದು ಸಿಕಂದರನ ಮನೆಗೇ ಎಂದು ಎಚ್ಚರಿಸಿದರು. ಪಾಠದಂತೆಯೇ ಹೇಳಿದರು, ಮೂರು ಕಾರಣ, ಒಂದು ಪರಿಣಾಮ.

ಸಿಕಂದರ ಬಿದ್ದ ಚೀಲ ಎತ್ತಿ ಅವರ ಕೈಗೆ ಕೊಟ್ಟ. ಬರಲಿ ಬಿಡ್ರಿ, ನಮ್ಮ ತಾಯಿ ಚಾ ಕೊಡ್ತಾಳೆ ಅಂದ. ಆದರೆ ಕ್ಯಾಸೆಟ್ಟಿನ ದನಿ ತನ್ನದಲ್ಲ ಅಂತ ನಿಮಗೂ ಗೊತ್ತು, ಹಾಗಾದರೆ ಇನ್ನೊಬ್ಬ ಇದ್ದಾನೆ, ಅವನು ಯಾರು ಅಂತ ಕೇಳಿದ.

ಹುಲಿ ಮತ್ತೆ ಮೇಷ್ಟ್ರಾಯಿತು.

"ಹತ್ತು ವರ್ಷ ಆತು ಸಿಕಂದರ್" ಅಂದರು ಗುಡ್ಡಪ್ಪ. "ನಮ್ಮ ಲೈಬ್ರರಿ ಇನ್ನೂ ಗೋಣಿಚೀಲದಾಗೆ ಐತೆ. ಹುಡುಗ್ರು ಶಾಸನದ ಪಡಿಯಚ್ಚು ಹಾಸಿಗೆ ಅಡೀಗೆ ಇಟ್ಟು ಮಲಗ್ತಾರೆ. ಒಂದು ಓದೋ ಮನೆ, ಕಿಟಕಿ ಇರೋ ಓದೋ ಮನೆ, ಸಾಯೋದ್ರೊಳಗೆ ನೋಡ್ಬೇಕು ಅಂತ ಆಸೆ ನಂಗೆ. ಅಂಗಳ ಮಾರದೆ ಅದು ಏಳಲ್ಲ."

ಮೂಲ ಕ್ಯಾಸೆಟ್ ಕದ್ದವರು ಅವರಲ್ಲ. ಅದು ಹೇಗೆ ಹೋಯಿತೋ ಈ ಗಳಿಗೆಗೂ ಗೊತ್ತಿಲ್ಲ ಅಂತ ಮಕ್ಕಳ ಮೇಲೆ ಆಣೆ ಇಟ್ಟರು. ಕಳುವಿನ ಸುದ್ದಿ ಪತ್ರಿಕೆಯಲ್ಲಿ ಬಂದ ವಾರಕ್ಕೆ, ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮನುಷ್ಯ ಎದುರು ನಿಂತನಂತೆ. ಗಡ್ಡ, ತಲೆ ತುಂಬ ಶಾಲು, ಕಪ್ಪು ಕನ್ನಡಕ. ಲಾಲ್ ಸಾಬರ ದನಿ ಬೇಕೇನ್ರಿ ಅಂದನಂತೆ, ಸೊಪ್ಪು ಬೇಕೇನ್ರಿ ಅಂದ ಹಾಗೆ. ಅಲ್ಲೇ ಎರಡು ಮಾತಾಡಿ ತೋರಿಸಿದ. ಗುಡ್ಡಪ್ಪನವರು ಕಂಬ ಹಿಡಿದುಕೊಂಡರು.

ಹೇಳಬೇಕಾದ ಮಾತನ್ನು ಬರೆದುಕೊಟ್ಟದ್ದು ಗುಡ್ಡಪ್ಪ. ಭಟ್ಟಿಯ ಮಾತು ಬಿಟ್ಟದ್ದೂ ಅವರೇ. ಜಾಗ ಆರಿಸಿದ್ದು ಮಾತ್ರ ಆ ಮನುಷ್ಯ. ಕೊಂಡಜ್ಜಿ ಕೆರೆ, ಸ್ಕೌಟ್ ಶಿಬಿರ ಇಲ್ಲದ ದಿನ. ಅಲ್ಲಿ ಬೇರೆ ಸದ್ದಿಲ್ಲ ಅಂದನಂತೆ.

"ಕೆರೆ ಏರಿ ಮ್ಯಾಲೆ ಕೂತ್ವಿ. ಅವನು ನೀರಿಗೆ ಬೆನ್ನು ಹಾಕಿ ಕೂತ. ಇತ್ತ ತಿರುಗು, ಗಾಳಿ ಬರ್ತದೆ ಅಂದ್ರೆ ತಿರುಗ್ಲಿಲ್ಲ."

"ಏನು ಕೊಟ್ರಿ ಅವನಿಗೆ?"

"ಏನೂ ತಗೊಳ್ಳಿಲ್ಲ. ಒಂದು ಸಲ ಹೇಳಿ ಮುಗ್ಸಿದ. ಚಲೋ ಆತು, ಸಾಕು ಅಂದೆ. ಇದನ್ನ ಹಜೀರಾಬೀ ಕೇಳ್ತಾರಾ ಅಂದ. ಕೇಳ್ತಾರೆ ಅಂದೆ." ಗುಡ್ಡಪ್ಪನವರು ಹೊಳೆಯನ್ನೇ ನೋಡುತ್ತಿದ್ದರು. "ಹಂಗಾದ್ರೆ ಇನ್ನೊಂದ್ಸಲ ಹೇಳ್ತೀನಿ, ಚೆನ್ನಾಗಿ ಹೇಳ್ತೀನಿ ಅಂದ."

ಕೆರೆಯ ಮೌನದಲ್ಲಿ ಹಿಡಿದ ದನಿಗೆ ಮಂಡಕ್ಕಿಯ ಸದ್ದಿರಲಿಲ್ಲ. ಐದು ವರ್ಷದ ಹಿಂದೆ ಭಟ್ಟಿ ಮುಂದೆ ಮಾಡಿದ್ದು ಅಂದರೆ ಯಾರು ನಂಬುತ್ತಾರೆ? ಗುಡ್ಡಪ್ಪನವರು ಬೇರೆ ಯಾವುದೋ ಭಟ್ಟಿಗೆ ಹೋಗಿ ಚಟಪಟ ಹಿಡಿದು ತಂದು, ಎರಡು ಟೇಪ್ ರೆಕಾರ್ಡರ್ ಇಟ್ಟುಕೊಂಡು ಒಂದರ ಮೇಲೊಂದು ಹೊಂದಿಸಿದರು. ಚರಿತ್ರೆಯಲ್ಲಿ ಡಾಕ್ಟರೇಟ್ ಪಡೆದವರಿಗೆ ಮೌನ ಎಲ್ಲಿ ಬರಬೇಕು ಅಂತ ಹೊಳೆದಿರಲಿಲ್ಲ.

ಸಿಕಂದರ ಎದ್ದವನು ಅರ್ಧಕ್ಕೆ ನಿಂತ.

ಚಟಪಟ ಆಮೇಲೆ ಸೇರಿಸಿದ್ದು. ಅಂದರೆ ತಪ್ಪು ಗುಡ್ಡಪ್ಪನವರದು, ಆ ದನಿಯವನದಲ್ಲ. ಚಟಪಟ ತೆಗೆದು ಹಾಕಿದರೆ ಉಳಿಯುವುದು ಬರೀ ಮಾತು, ಬರೀ ಮೌನ.

ಆ ಮೌನ ಎಷ್ಟು ಹೊತ್ತಿತ್ತು?

ಈಗ ತಾನೇ ಲಾಲ್ ಸಾಬರನ್ನು ಅಣಕಿಸಿದಾಗ ತಾನೆಷ್ಟು ಹೊತ್ತು ನಿಂತೆ ಎಂದು ನೆನೆದ. ಜನಕ್ಕೆ ನಗು ಬರುವಷ್ಟು. ಮೊದಲಿನಿಂದಲೂ ಅಷ್ಟೇ. ಅದಕ್ಕಿಂತ ಹೆಚ್ಚು ನಿಂತರೆ ಸಭೆ ಕೆಮ್ಮುತ್ತದೆ. ಕ್ಯಾಸೆಟ್ಟಿನವನು ಹಾಗೆ ನಿಂತಿರಲಿಲ್ಲ. ಸಿಕಂದರ ಕಣ್ಣು ಮುಚ್ಚಿ, ಬೆಳಿಗ್ಗೆ ಕೇಳಿದ್ದನ್ನು ನೆನಪಿನಲ್ಲೇ ಹಾಕಿ, ಗಾಳಿಯಲ್ಲಿ ಕೈಯಾಡಿಸಿದ. ಅಕ್ಕಿ ಸುರಿದ. ಸಿಡಿತ ಏರಿತು, ತುಂಬಿತು, ಇಳಿಯಿತು. ಜರಡಿಗೆತ್ತಿದ.

ಹ್ಞಾ, ಎಲ್ಲಿದ್ದೆ.

ಸರಿಯಾಗಿ ಅಷ್ಟೇ. ಒಂದುಸಿರು ಹೆಚ್ಚಿಲ್ಲ, ಒಂದುಸಿರು ಕಮ್ಮಿಯಿಲ್ಲ.

ಕೊಂಡಜ್ಜಿ ಕೆರೆಯ ಏರಿಯ ಮೇಲೆ, ಬೆಂಕಿಯಿಲ್ಲದ, ಮರಳಿಲ್ಲದ, ಅಕ್ಕಿಯಿಲ್ಲದ ಜಾಗದಲ್ಲಿ ಒಬ್ಬ ಮನುಷ್ಯ ಮಾತು ನಿಲ್ಲಿಸಿ, ಇಲ್ಲದ ಮಂಡಕ್ಕಿ ಹುರಿದು ಮುಗಿಯುವ ತನಕ ಕಾದಿದ್ದ.

"ಅವನ ಕೈ ನೋಡಿದ್ರಾ ಸಾರ್?" ಅಂತ ಕೇಳಿದ. ದನಿ ಯಾರದೋ ಆಗಿತ್ತು, ಅಣಕಿಸದೆಯೇ.

ಗುಡ್ಡಪ್ಪ ನೆನಪು ಮಾಡಿಕೊಂಡರು. ಶಾಲಿನೊಳಗೇ ಇತ್ತು. ಮೈಕು ಹಿಡಿಯುವಾಗ ಎಡಗೈ ಹೊರಗೆ ಬಂತು. ಮುಂಗೈ ಮೇಲೆ ಸುಟ್ಟ ಕಲೆ.

ಸಿಕಂದರ ತನ್ನ ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡ. ಸೇತುವೆಯ ಕಡೆ ತಿರುಗದೆ ಮೆಟ್ಟಿಲು ಹತ್ತಿದ. ಭಟ್ಟಿ ಮನೆಯ ಗಂಡುಮಕ್ಕಳಿಗೆಲ್ಲ ಆ ಕಲೆ ಇರುತ್ತದೆ, ಎಲ್ಲರಿಗೂ ಇರುತ್ತದೆ ಎಂದು ದಾವಣಗೆರೆ ಬರುವವರೆಗೂ ಬಸ್ಸಿನ ಕಿಟಕಿಗೆ ಹೇಳುತ್ತ ಬಂದ.

*

ಹೊತ್ತು ಮುಳುಗುವ ಮುಂಚೆ ಅವನು ಹಳೆಯ ಅಂಗಳ ತಲುಪಿದ. ತರಗತಿಗಳು ಮಧ್ಯಾಹ್ನಕ್ಕೇ ಬಿಟ್ಟು ಅಂಗಳ ಖಾಲಿಯಾಗಿತ್ತು. ತಗಡಿನ ಶೀಟುಗಳು ಬಿಸಿಲು ಕಳೆದುಕೊಂಡು ಟಕ್ ಟಕ್ ಅನ್ನುತ್ತಿದ್ದವು. ಕರಿ ಹಲಗೆಯ ಮೇಲೆ ಯಾರೋ ಕದಂಬರನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದರು.

ಅಂಗಳದ ಅಂಚಿನ ಎರಡು ಕೋಣೆಯೇ ಹಜೀರಾಬೀ ಮನೆ. ಅವರು ಆನಗೋಡಿನಿಂದ ಆಗತಾನೇ ಬಂದಿದ್ದರು. ಬೀಗದ ಕೈ ಇನ್ನೂ ಕೈಯಲ್ಲೇ ಇತ್ತು. ಹೊಸ್ತಿಲ ಮೇಲೆ ಕೂತು, ಅವನಿಗೂ ಕೂತ್ಕೋ ಅಂದರು.

ಹೇಗೆ ಹೇಳುವುದು ಅಂತ ದಾರಿಯುದ್ದಕ್ಕೂ ಯೋಚಿಸಿದ್ದ. ನಾಲ್ಕು ವರ್ಷದ ಮೇಲೆ ಗಂಡನ ದನಿ ಕೇಳಿದ ಹೆಂಗಸು. ಅದೂ ಸುಳ್ಳು ಅನ್ನಬೇಕು.

"ಚಾಚಿ" ಅಂದ. "ಬೆಳಿಗ್ಗೆ ಕೇಳಿದ್ದು ಚಾಚಾನ ದನಿ ಅಲ್ಲ."

"ಗೊತ್ತು" ಅಂದರು ಹಜೀರಾಬೀ.

ತಗಡು ಒಮ್ಮೆ ಟಕ್ ಅಂದಿತು.

"ಮೊದಲ್ನೇ ಸಲಕ್ಕೇ ಗೊತ್ತಾತು. ಹಿದಾಯತ್‌ನ ಅಬ್ಬಾ 'ಎಲ್ಲಿದ್ದೆ' ಅಂದ ಮ್ಯಾಲೆ ಎಂದೂ ಉಗುಳು ನುಂಗ್ತಿರ್ಲಿಲ್ಲ. ಯಾಕ ನುಂಗ್ತಾರೆ, ಅವರಿಗೆ ಯಾರ ಹೆದರಿಕೆ?" ಅವರು ಬೀಗದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಟ್ಟಗೆ ಮಾಡಿದರು. "ನುಂಗ್ತಿದ್ದೋನು ಮಗ. ಸಣ್ಣೋನಿದ್ದಾಗ ಅಬ್ಬಾನ್ನ ಅಣಕಿಸ್ತಿದ್ದ. ಅಣಕಿಸಿ, ಏಟು ಬೀಳ್ತದೇನೋ ಅಂತ ಒಂದು ಗುಟುಕು ನುಂಗ್ತಿದ್ದ. ಇವರು ನಕ್ಕುಬಿಡೋರು. ಆದ್ರೂ ನುಂಗ್ತಿದ್ದ."

ಊರಿನ ದನಿಗಳೆಲ್ಲ ಇದ್ದ ಸಿಕಂದರನ ಗಂಟಲಲ್ಲಿ ಅವನದೇ ಒಂದು ದನಿ ಬೇಕಾದಾಗ ಸಿಗಲಿಲ್ಲ.

"ಅದಕ್ಕೇ ಮತ್ತೆ ಮತ್ತೆ ಹಾಕಿಸ್ದೆ ಬೇಟಾ. ಒಂಬತ್ತು ವರ್ಷ ಆತು ನನ್ನ ಮಗ ಉಗುಳು ನುಂಗಿದ್ದು ಕೇಳಿ."

ಅವನು ಹೊಳೆಯ ಮೆಟ್ಟಿಲ ಮೇಲೆ ಕೇಳಿದ್ದನ್ನೆಲ್ಲ ಹೇಳಿದ. ಕೆರೆಗೆ ಬೆನ್ನು ಹಾಕಿ ಕೂತದ್ದು, ಇನ್ನೊಮ್ಮೆ ಚೆನ್ನಾಗಿ ಹೇಳುತ್ತೇನೆ ಅಂದದ್ದು. ಹಜೀರಾಬೀ ಅಳಲಿಲ್ಲ. ಬೆಳಿಗ್ಗೆಯೇ ಅತ್ತು ಮುಗಿಸಿದ್ದರು. ಅವನು ತೆಳ್ಳಗಾಗಿದಾನಂತಾ ಅಂತ ಮಾತ್ರ ಕೇಳಿದರು. ಅದನ್ನು ಗುಡ್ಡಪ್ಪನವರನ್ನು ಕೇಳಬೇಕು ಅಂತ ಪತ್ತೇದಾರನಿಗೆ ಹೊಳೆದಿರಲಿಲ್ಲ.

"ಶುಕ್ರವಾರ ಏನಂತೀರಿ ಚಾಚಿ?"

ಅವರು ಅಂಗಳವನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಮೂಲೆಯಲ್ಲಿ ಲಾಲ್ ಸಾಬರ ಭಟ್ಟಿ ಕಪ್ಪಗೆ ಕೂತಿತ್ತು. ಅವರು ಹೋದಮೇಲೆ ಅದಕ್ಕೆ ಬೆಂಕಿ ಬಿದ್ದಿರಲಿಲ್ಲ. 'ವಿಶ್ವವಿದ್ಯಾಲಯದ ಮೊದಲ ಪಾಠಶಾಲೆ' ಎಂದು ಬಣ್ಣದ ಬೋರ್ಡು ಬರೆಸಿ ಅದರ ಪಕ್ಕ ನೆಟ್ಟಿದ್ದರು.

"ಸುಳ್ಳು ಅಂದ್ರೆ, ಹುಡುಕ್ತಾರೆ. ಹೊಳೆಯಿಂದ ಎದ್ದು ಬಂದ ಮಗನ್ನ ನಾನೇ ಹಿಡಿದುಕೊಟ್ಟಂಗೆ. ಹೌದು ಅಂದ್ರೆ, ಇವರ ಮಾತು ಹೋತು, ಅಂಗಳ ಹೋತು. ಸತ್ತ ಮನುಷ್ಯನ ಬಾಯಿಗೆ ನಾನೇ ಮಣ್ಣು ಹಾಕಿದಂಗೆ." ಅವರು ಸೆರಗು ಸರಿಮಾಡಿಕೊಂಡರು. "ಹೌದು ಅಂತೀನಿ. ಇವರು ಬೈಯ್ಲಿ. ನಾನು ಹೋದ ಮ್ಯಾಲೆ ಬೈಯ್ಲಿ."

"ಅಸಲಿ ಕ್ಯಾಸೆಟ್ ಸಿಕ್ಕಿದ್ರೆ..."

"ಅದು ಬ್ಯಾಡ ನಂಗೆ ಈಗ." ಮೊದಲ ಸಲ ಅವನ ಮುಖ ನೋಡಿದರು. "ಆವತ್ತು ಸೈಕಲ್ ತಂದುಕೊಟ್ಟೆ ನೀನು. ಅದು ಇನ್ನೂ ಒಳಗೈತೆ, ನೋಡು, ಗೋಡೆಗೆ. ಈ ಸಲ ಮನುಷ್ಯನ್ನ ತಂದುಕೊಡು ಸಿಕಂದರ್. ಶುಕ್ರವಾರದೊಳಗೆ."

ಚಾ ಇಡುತ್ತೇನೆ ಎಂದು ಅವರು ಒಳಗೆ ಹೋದರು. ತೆರೆದ ಬಾಗಿಲಿನಾಚೆ, ಗೋಡೆಗೆ ಒರಗಿದ ಸೈಕಲ್ ಕಂಡಿತು. ಟೈರಿಗೆ ಗಾಳಿ ತುಂಬಿತ್ತು. ಒಂಬತ್ತು ವರ್ಷವೂ ಅವರು ಗಾಳಿ ಹಾಕಿಸುತ್ತಲೇ ಬಂದಿದ್ದರು.

ಸಿಕಂದರನಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಅಂಗಳದ ಮೂಲೆಗೆ ನಡೆದ. ಇದೇ ಭಟ್ಟಿಯ ಮುಂದೆ ಅವನೂ ಹಿದಾಯತ್‌ನೂ ಪಂದ್ಯ ಕಟ್ಟಿ ಲಾಲ್ ಸಾಬರಾಗುತ್ತಿದ್ದರು. ಪ್ರತಿಸಲ ಹಿದಾಯತ್ ಗೆಲ್ಲುತ್ತಿದ್ದ. ನೀನು ನಿಲ್ಲೋದಿಲ್ಲ ಕಣೋ, ನೀನು ಅವಸರದವ್ನು ಅನ್ನುತ್ತಿದ್ದ.

ಹಳೆಯ ಅಭ್ಯಾಸಕ್ಕೆ ಕೈ ತಾನಾಗಿ ಬಾಣಲೆಯ ಮರಳಿಗೆ ಇಳಿಯಿತು.

ತಟ್ಟನೆ ನಿಂತ. ಈ ಸಲ ಅವಸರ ಮಾಡಲಿಲ್ಲ. ಬೆರಳುಗಳನ್ನು ಇನ್ನಷ್ಟು ಒಳಗೆ ಇಳಿಸಿದ. ಮೇಲೆ ಸಂಜೆಯ ತಂಪು, ಗೇಣು ಕೆಳಗೆ ಹದವಾದ ಬಿಸಿ. ಬಿಸಿಲಿನ ಬಿಸಿ ಮೇಲಿನಿಂದ ಇಳಿಯುತ್ತದೆ. ಇದು ಕೆಳಗಿನಿಂದ ಬರುತ್ತಿತ್ತು.

ಬೆರಳ ಸಂದಿಗೆ ಜರಡಿ ತಪ್ಪಿಸಿಕೊಂಡ ಒಂದು ಮಂಡಕ್ಕಿ ಸಿಕ್ಕಿತು. ಮರಳು ಊದಿ ಬಾಯಿಗೆ ಹಾಕಿಕೊಂಡ.

ಗರಿಗರಿ. ಇವತ್ತಿನದು.

"ಚಾಚಿ" ಅಂತ ಕೂಗಿದ, ಕೈ ಮರಳಿನಿಂದ ತೆಗೆಯದೆ. "ಭಟ್ಟಿ ಹಚ್ಚಿದ್ರಾ?"

ಒಳಗಿಂದ ಲೋಟದ ಸದ್ದು ನಿಂತಿತು.

"ಇಲ್ಲ ಬೇಟಾ. ಬೆಳಿಗ್ಗಿಂದ ಮನ್ಯಾಗೆ ಯಾರಿದ್ರು?"